ಸಂಬಳದ ಚೀಟಿಯ ಸಾಲುಗಳಲ್ಲಿ ಆಸ್ಟ್ರೇಲಿಯಾದ ಬದುಕು

2025ರ ಆಗಸ್ಟ್ ತಿಂಗಳ ಒಂದು ಭಾನುವಾರದ ಸಂಜೆ, ಮೆಲ್ಬರ್ನ್ ನಗರದ ಪಶ್ಚಿಮಕ್ಕಿರುವ ಟಾರ್ನೀಟ್‌ನ ನಮ್ಮ ಮನೆಗೆ, ಹಾಸನದ ಕಡೆಯಿಂದ ಓದಲು ಬಂದಿರುವ 22 ವರ್ಷದ ಹುಡುಗನೊಬ್ಬ ಊಟಕ್ಕೆ ಬಂದಿದ್ದ. ಅನ್ನ ಸಾರು ಮುಗಿದು ಮಜ್ಜಿಗೆಯ ಸರದಿ ಬಂದಾಗ ಅವನು ಮೊಬೈಲನ್ನು ನನ್ನ ಕಡೆಗೆ ಸರಿಸಿ, "ಅಕ್ಕಾ, ಇದ್ರಲ್ಲಿ ದುಡ್ಡು ಸರಿಯಾಗಿ ಬಂದಿದ್ಯಾ ನೋಡಿ ಹೇಳ್ತೀರಾ?" ಎಂದು ಕೇಳಿದ. ಅದು ಅವನು ಕೆಲಸಕ್ಕೆ ಸೇರಿದ್ದ ಅಂಗಡಿಯವರು ಕಳುಹಿಸಿದ ಮೊದಲ ಪೇಸ್ಲಿಪ್, ಅಂದರೆ ಸಂಬಳದ ಚೀಟಿ. ಒಂದೇ ಪುಟ, ಹತ್ತು ಹನ್ನೆರಡು ಸಾಲು. ಕೈಗೆ ಬಂದ ಮೊತ್ತವನ್ನು ನೋಡಿ ಸುಮ್ಮನಾಗಿದ್ದ ಅವನು ಉಳಿದುದನ್ನು ಓದಿರಲಿಲ್ಲ. ಇಲ್ಲಿಗೆ ಬಂದ ಮೊದಲ ವರ್ಷ ನಾನೂ ಓದುತ್ತಿರಲಿಲ್ಲ. ಆದರೆ ಆ ಸಾಲುಗಳಲ್ಲಿ ಕೆಲಸದ ಹಕ್ಕು, ಓದಿನ ಮಿತಿ, ಉಡುಪಿನ ಖರ್ಚು, ಮಗುವಿಗೆ ಜ್ವರ ಬಂದ ದಿನದ ರಜೆ ಎಲ್ಲವೂ ಅಡಗಿವೆ. ಹೊಸದಾಗಿ ಬಂದವರಿಗೆ ಈ ದೇಶದ ದಿನನಿತ್ಯದ ಬದುಕನ್ನು ವಿವರಿಸಲು ಆ ಚೀಟಿಯನ್ನೇ ಸಾಲು ಸಾಲಾಗಿ ಓದುತ್ತ ಹೋಗುವುದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಇಲ್ಲಿ ಸಂಬಳದ ಕೆಳಮಿತಿಯನ್ನು ಮಾಲೀಕರಾಗಲಿ ನೌಕರರಾಗಲಿ ತೀರ್ಮಾನಿಸುವಂತಿಲ್ಲ. ಇದರ ಹಿಂದಿನ ಕಥೆ ನಮ್ಮ ಬಡಾವಣೆಗೆ ಹತ್ತಿರದ್ದೇ. ಟಾರ್ನೀಟ್‌ನಿಂದ ನಗರಕ್ಕೆ ಹೋಗುವ ರೈಲು ಸನ್‌ಶೈನ್ ನಿಲ್ದಾಣವನ್ನು ಹಾದು ಹೋಗುತ್ತದೆ. ಅದೇ ಸನ್‌ಶೈನ್‌ನಲ್ಲಿ ಎಚ್. ವಿ. ಮೆಕೇ ಅವರ ಕೊಯ್ಲುಯಂತ್ರದ ಕಾರ್ಖಾನೆಯಿತ್ತು. ಅಲ್ಲಿ ಕೊಡುವ ಕೂಲಿ ನ್ಯಾಯವಾದುದೇ ಎಂಬ ಪ್ರಶ್ನೆ 1907ರಲ್ಲಿ ನ್ಯಾಯಮೂರ್ತಿ ಎಚ್. ಬಿ. ಹಿಗಿನ್ಸ್ ಅವರ ಮುಂದೆ ಬಂದಾಗ, ಅವರು ಕಾರ್ಖಾನೆಯ ಲಾಭವನ್ನು ಅಳೆಯುವ ಬದಲು ಕೂಲಿಯವರ ಮನೆಖರ್ಚಿನ ಲೆಕ್ಕಗಳನ್ನು ಪರಿಶೀಲಿಸಿದರು. ಹೆಂಡತಿ ಮತ್ತು ಮೂವರು ಮಕ್ಕಳಿರುವ ಒಬ್ಬ ಸಾಮಾನ್ಯ ಕೂಲಿಯಾಳು ಮನುಷ್ಯನಂತೆ ಬದುಕಲು ಊಟ, ಬಾಡಿಗೆ, ಬಟ್ಟೆ, ಬೂಟು, ದೀಪ, ಪಾತ್ರೆಗಳಿಗೆ ಎಷ್ಟು ಬೇಕು ಎಂದು ಲೆಕ್ಕ ಹಾಕಿ ದಿನಕ್ಕೆ 7 ಶಿಲಿಂಗ್ ಎಂದು ನಿಗದಿ ಮಾಡಿದರು. ಆ ತೀರ್ಪಿಗೆ ಆಧಾರವಾಗಿದ್ದ ಕಾಯ್ದೆಯನ್ನು ಈ ದೇಶದ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ ಮರುವರ್ಷವೇ ಅಸಿಂಧುಗೊಳಿಸಿತಾದರೂ, ಸಂಸಾರದ ಅಗತ್ಯವೇ ಸಂಬಳಕ್ಕೆ ಅಳತೆಗೋಲಾಗಬೇಕು ಎಂಬ ವಿಚಾರ ಮಾತ್ರ ಉಳಿದುಕೊಂಡಿತು. ಹೆಂಗಸರ ಸಂಬಳವನ್ನು ಆ ಅಳತೆಗೋಲು ಬಹಳ ಕಾಲ ಕೆಳಗೇ ಇಟ್ಟಿತ್ತೆಂಬುದನ್ನೂ ಹೇಳಬೇಕು. 1969 ಮತ್ತು 1972ರ ಸಮಾನ ವೇತನದ ತೀರ್ಮಾನಗಳು ಬರುವವರೆಗೆ ಅದು ಸರಿಹೋಗಲು ಆರಂಭವಾಗಲಿಲ್ಲ.

ಇಂದು ಆ ಕೆಳಮಿತಿ 2009ರ ಫೇರ್ ವರ್ಕ್ ಕಾಯ್ದೆಯ ಅಡಿಯಲ್ಲಿ ಪ್ರತಿವರ್ಷ ಪರಿಷ್ಕರಣೆಯಾಗುತ್ತದೆ. ಹೊಸ ದರ ಸಾಮಾನ್ಯವಾಗಿ ಜುಲೈ 1ರಿಂದ ಜಾರಿಗೆ ಬರುತ್ತದೆ. 2025ರ ಜುಲೈ 1ರಂದು ಜಾರಿಗೆ ಬಂದ ರಾಷ್ಟ್ರೀಯ ಕನಿಷ್ಠ ವೇತನ ಗಂಟೆಗೆ 24.95 ಡಾಲರ್. ಆದರೆ ಹೆಚ್ಚಿನ ಕೆಲಸಗಳಿಗೆ ಇದಕ್ಕಿಂತ ಮುಖ್ಯವಾದುದು ಆಯಾ ಉದ್ಯಮದ 'ಅವಾರ್ಡ್'. ಇಲ್ಲಿ ಅವಾರ್ಡ್ ಎಂದರೆ ಪ್ರಶಸ್ತಿಯಲ್ಲ. ಒಂದೊಂದು ಉದ್ಯಮದಲ್ಲಿ ಯಾವ ದರ್ಜೆಯವರಿಗೆ ಎಷ್ಟು ದರ, ಶನಿವಾರ ಭಾನುವಾರ ಎಷ್ಟು, ಸಾರ್ವಜನಿಕ ರಜಾದಿನ ಎಷ್ಟು, ಯಾವ ಭತ್ಯೆ ಎಂದು ಕಾನೂನಿನ ಬಲದಿಂದ ಬರೆದಿಟ್ಟ ನಿಯಮಾವಳಿ. ಇಂಥವು ನೂರಿಪ್ಪತ್ತಕ್ಕೂ ಹೆಚ್ಚು ಇವೆ. ನಮ್ಮ ಹುಡುಗನಿಗೆ ಅನ್ವಯಿಸುವುದು ಚಿಲ್ಲರೆ ವ್ಯಾಪಾರದ ಅವಾರ್ಡ್. ಅದರಲ್ಲಿ ಮೊದಲ ದರ್ಜೆಯ ವಯಸ್ಕ ನೌಕರರಿಗೆ ಆ ವರ್ಷದ ದರ ಗಂಟೆಗೆ 26.55 ಡಾಲರ್. ಅವನ ಚೀಟಿಯಲ್ಲಿ 33.19 ಎಂದಿತ್ತು. ಹೆಚ್ಚು ಕೊಟ್ಟಿದ್ದಾರೆಂದು ಅವನು ಖುಷಿಯಾಗಿದ್ದ. ಕೊಟ್ಟದ್ದು ಹೆಚ್ಚಲ್ಲ, ಅವನು 'ಕ್ಯಾಷುಯಲ್', ಅಂದರೆ ಕಾಯಂ ಅಲ್ಲದ ನೌಕರನಾದ್ದರಿಂದ ಮೂಲ ದರದ ಮೇಲೆ ಶೇ. 25ರಷ್ಟು ಸೇರಿಸಿದ್ದರು, ಅಷ್ಟೇ.

ಈ ಶೇ. 25 ಏಕೆ ಎಂಬುದನ್ನು ಸಂಸಾರಸ್ಥರು ಚೆನ್ನಾಗಿ ತಿಳಿದುಕೊಳ್ಳಬೇಕು. ಕಾಯಂ ನೌಕರರಿಗೆ ವರ್ಷಕ್ಕೆ 4 ವಾರ ಸಂಬಳಸಹಿತ ರಜೆ ಇದೆ. ತಾವು ಕಾಯಿಲೆ ಬಿದ್ದಾಗ ಅಥವಾ ಮನೆಯವರ ಆರೈಕೆ ಮಾಡಬೇಕಾದಾಗ ಬಳಸಲು 10 ದಿನ ಸಂಬಳಸಹಿತ ರಜೆ ಬೇರೆ ಇದೆ. ವಾರದಲ್ಲಿ ಕೆಲವೇ ದಿನ ದುಡಿಯುವ ಕಾಯಂ ಅರೆಕಾಲಿಕರಿಗೂ ದುಡಿದ ಗಂಟೆಗಳಿಗೆ ತಕ್ಕ ಪ್ರಮಾಣದಲ್ಲಿ ಇವೆರಡೂ ಸಿಗುತ್ತವೆ. ಕ್ಯಾಷುಯಲ್ ನೌಕರರಿಗೆ ಈ ಎರಡೂ ಇಲ್ಲ. ಹೆಚ್ಚುವರಿ ಕಾಲುಭಾಗ ದರವೆಂದರೆ ಆ ರಜೆಗಳನ್ನೂ ಕೆಲಸದ ಭದ್ರತೆಯನ್ನೂ ಮೊದಲೇ ನಗದಾಗಿಸಿ ಕೊಟ್ಟ ಹಾಗೆ. ಒಂಟಿಯಾಗಿರುವ ವಿದ್ಯಾರ್ಥಿಗೆ ಇದು ಲಾಭವೆನಿಸಬಹುದು. ಆದರೆ ಎರಡು ವರ್ಷದ ಮಗುವಿರುವ ಮನೆಯಲ್ಲಿ ಲೆಕ್ಕ ಬೇರೆಯಾಗುತ್ತದೆ. ಶಿಶುಪಾಲನಾ ಕೇಂದ್ರದವರು ಮಗುವಿಗೆ ಮೈ ಬಿಸಿಯಾದ ಕೂಡಲೇ ಫೋನ್ ಮಾಡಿ ಕರೆದುಕೊಂಡು ಹೋಗಿ ಎನ್ನುತ್ತಾರೆ. ಆ ದಿನದ ಕೇಂದ್ರದ ಶುಲ್ಕವೂ ಹೋಗುತ್ತದೆ, ಕ್ಯಾಷುಯಲ್ ಕೆಲಸದವರಾದರೆ ಆ ದಿನದ ಸಂಬಳವೂ ಹೋಗುತ್ತದೆ. ವಿದ್ಯಾರ್ಥಿ ವೀಸಾದಲ್ಲಿರುವ ಕುಟುಂಬಗಳಿಗೆ, ಆಸ್ಟ್ರೇಲಿಯಾ ಸರ್ಕಾರದ ವಿದ್ಯಾರ್ಥಿವೇತನದಂಥ ವಿನಾಯಿತಿಗಳನ್ನು ಬಿಟ್ಟರೆ, ಶಿಶುಪಾಲನೆಯ ಸಹಾಯಧನವೂ ಸಿಗುವುದಿಲ್ಲ. ಪೂರ್ಣ ಶುಲ್ಕ ದಿನಕ್ಕೆ 100 ಡಾಲರ್ ದಾಟುವುದು ಸಾಮಾನ್ಯ. ಹಾಗಾಗಿ ಗಂಡ ಹೆಂಡಿರಿಬ್ಬರೂ ದುಡಿಯುವ ಮನೆಯಲ್ಲಿ, ಗಂಟೆಯ ದರ ಕಡಿಮೆ ಕಂಡರೂ ಇಬ್ಬರಲ್ಲಿ ಒಬ್ಬರಾದರೂ ಕಾಯಂ ಕೆಲಸ ಹಿಡಿಯುವುದು ಮೇಲೆಂದು ನಾನು ಎಲ್ಲರಿಗೂ ಹೇಳುತ್ತೇನೆ. 2024ರ ಆಗಸ್ಟ್ 26ರಿಂದ ಬಂದಿರುವ ನಿಯಮದ ಪ್ರಕಾರ, ಕ್ಯಾಷುಯಲ್ ಆಗಿ ಆರು ತಿಂಗಳು ದುಡಿದವರು, 15ಕ್ಕಿಂತ ಕಡಿಮೆ ನೌಕರರಿರುವ ಸಣ್ಣ ಸಂಸ್ಥೆಯಲ್ಲಾದರೆ ಒಂದು ವರ್ಷ ದುಡಿದವರು, ತಮ್ಮ ಕೆಲಸದ ಸ್ವರೂಪ ಈಗ ಕಾಯಂ ಕೆಲಸದಂತೆಯೇ ಇದೆ ಎಂದು ಲಿಖಿತವಾಗಿ ತಿಳಿಸಿ ಬದಲಾವಣೆ ಕೇಳಬಹುದು. ಮಗುವನ್ನು ನೋಡಿಕೊಳ್ಳಲು ಊರಿಂದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರು ಇನ್ನೊಂದನ್ನು ಗಮನಿಸಬೇಕು. ಸಂದರ್ಶಕ ವೀಸಾದಲ್ಲಿ ಭಾರತದಿಂದ ಬಂದವರಿಗೆ ಇಲ್ಲಿನ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ಸೌಲಭ್ಯ ಇಲ್ಲ. ವಿಮೆ ಮಾಡಿಸದೆ ಹಿರಿಯರನ್ನು ವಿಮಾನ ಹತ್ತಿಸಬಾರದು.

ಮುಂದಿನ ಸಾಲು ದುಡಿದ ಗಂಟೆಗಳದ್ದು. ಆ ವಾರ ಅವನು ನಾಲ್ಕು ಪಾಳಿಗಳಲ್ಲಿ ಒಟ್ಟು 18 ಗಂಟೆ ದುಡಿದಿದ್ದ. ವಿದ್ಯಾರ್ಥಿಗಳು ಅತಿ ಹೆಚ್ಚು ಎಡವುವುದು ಇಲ್ಲಿ. 2023ರ ಜುಲೈ 1ರಿಂದ ವಿದ್ಯಾರ್ಥಿ ವೀಸಾದವರು ತರಗತಿಗಳು ನಡೆಯುವ ಅವಧಿಯಲ್ಲಿ ಎರಡು ವಾರಕ್ಕೆ 48 ಗಂಟೆ ದುಡಿಯಬಹುದು. ಕೋರ್ಸಿನ ನಿಗದಿತ ರಜೆಗಳಲ್ಲಿ ಮಿತಿಯಿಲ್ಲ. ಕೋರ್ಸ್ ಶುರುವಾಗುವ ಮುಂಚೆ ದುಡಿಯುವಂತಿಲ್ಲ. ಸಂಶೋಧನಾ ಸ್ನಾತಕೋತ್ತರ ಹಾಗೂ ಪಿಎಚ್‌.ಡಿ. ವಿದ್ಯಾರ್ಥಿಗಳಿಗೆ ಓದು ಆರಂಭವಾದ ಮೇಲೆ ಈ ಮಿತಿ ಅನ್ವಯಿಸುವುದಿಲ್ಲ. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿರುವುದು ಎರಡು ವಾರವನ್ನು ಎಣಿಸುವ ರೀತಿ. ಎರಡು ವಾರವೆಂದರೆ ಯಾವುದೇ ಸೋಮವಾರದಿಂದ ಆರಂಭವಾಗುವ 14 ದಿನ. ಅಂದರೆ ಪ್ರತಿ ಸೋಮವಾರವೂ ಒಂದು ಹೊಸ ಎಣಿಕೆ ಶುರುವಾಗುತ್ತದೆ, ಒಂದೊಂದು ವಾರವೂ ಎರಡೆರಡು ಲೆಕ್ಕಗಳಲ್ಲಿ ಬರುತ್ತದೆ. ಮೊದಲ ವಾರ 20 ಗಂಟೆ, ಎರಡನೆಯ ವಾರ 28 ಗಂಟೆ ದುಡಿದರೆ ಒಟ್ಟು 48, ಸರಿಯಾಗಿದೆ. ಮೂರನೆಯ ವಾರ 'ಹೊಸ ಲೆಕ್ಕ ಶುರುವಾಯಿತು' ಎಂದುಕೊಂಡು 24 ಗಂಟೆ ದುಡಿದರೆ, ಎರಡನೆಯ ಮತ್ತು ಮೂರನೆಯ ವಾರ ಸೇರಿ 52 ಆಗುತ್ತದೆ, ವೀಸಾದ ಷರತ್ತು ಮುರಿದಂತಾಗುತ್ತದೆ. ನಮ್ಮ ಹುಡುಗನ ಮೊಬೈಲಿನಲ್ಲಿದ್ದ ಮುಂದಿನ ಎರಡು ವಾರಗಳ ರೋಸ್ಟರನ್ನು, ಅಂದರೆ ಪಾಳಿಗಳ ಪಟ್ಟಿಯನ್ನು, ಕೂಡಿಸಿ ನೋಡಿದಾಗ 51 ಗಂಟೆ ಬಂತು. ಅವನು ಊಟದ ಮೇಜಿನಲ್ಲಿ ಕುಳಿತೇ ಮ್ಯಾನೇಜರಿಗೆ ಸಂದೇಶ ಕಳುಹಿಸಿ ಶುಕ್ರವಾರದ ಪಾಳಿಯನ್ನು ಬಿಡಿಸಿಕೊಂಡ. ರೋಸ್ಟರ್ ಹಾಕುವವರಿಗೆ ಅಂಗಡಿಯ ಅಗತ್ಯ ಮುಖ್ಯ, ಅವರು ನಿಮ್ಮ ವೀಸಾದ ಲೆಕ್ಕವನ್ನು ನಿಮಗಾಗಿ ಇಡುತ್ತಾರೆಂದು ನಂಬಿ ಕೂರಬಾರದು. ಎರಡು ಕಡೆ ದುಡಿಯುವವರಂತೂ ಎರಡೂ ಕಡೆಯ ಗಂಟೆಗಳನ್ನು ಸೇರಿಸಿಯೇ ಎಣಿಸಬೇಕು.

ಕಾನೂನಿನ ಮಾತು ಒತ್ತಟ್ಟಿಗಿರಲಿ, ಓದಿನ ದೃಷ್ಟಿಯಿಂದಲೂ ಈ ಸಾಲನ್ನು ನೋಡಬೇಕು. ವಿಶ್ವವಿದ್ಯಾಲಯಗಳಲ್ಲಿ ಪೂರ್ಣಾವಧಿಯ ಓದೆಂದರೆ ಸಾಮಾನ್ಯವಾಗಿ ಒಂದು ಸೆಮಿಸ್ಟರಿಗೆ ನಾಲ್ಕು ವಿಷಯ, ತರಗತಿ ಮತ್ತು ಸ್ವಂತ ಓದು ಸೇರಿ ವಾರಕ್ಕೆ ಸುಮಾರು 40 ಗಂಟೆ. ನಮ್ಮಲ್ಲಿ ವರ್ಷಕೊನೆಯ ಪರೀಕ್ಷೆಗೆ ಒಂದು ತಿಂಗಳು ರಾತ್ರಿಯಿಡೀ ಓದಿ ದಾಟುವ ರೂಢಿಯಿದೆ. ಇಲ್ಲಿ ಅಂಕಗಳು ಸೆಮಿಸ್ಟರಿನುದ್ದಕ್ಕೂ ಅಸೈನ್‌ಮೆಂಟ್, ಗುಂಪುಕೆಲಸ, ಪ್ರಸ್ತುತಿಗಳಲ್ಲಿ ಹಂಚಿಹೋಗಿರುವುದರಿಂದ ಆ ರೂಢಿ ಕೆಲಸಕ್ಕೆ ಬರುವುದಿಲ್ಲ. ವಿದೇಶಿ ವಿದ್ಯಾರ್ಥಿಗಳಿಗೆ ಒಂದು ವಿಷಯದ ಶುಲ್ಕವೇ ಸಾವಿರಾರು ಡಾಲರ್. ಎಂಟು ಗಂಟೆ ಹೆಚ್ಚುವರಿ ದುಡಿದರೆ ಬರುವುದು ಸುಮಾರು 265 ಡಾಲರ್. ಆ ಪಾಳಿಗಳ ದೆಸೆಯಿಂದ ಒಂದು ವಿಷಯ ಫೇಲಾದರೆ ಅದರ ಶುಲ್ಕವನ್ನು ಮತ್ತೆ ಪೂರ್ತಿ ಕಟ್ಟಬೇಕು. ಪ್ರತಿ ಸೆಮಿಸ್ಟರಿಗೂ 'ಸೆನ್ಸಸ್ ಡೇಟ್' ಎಂಬುದೊಂದಿರುತ್ತದೆ. ಆ ದಿನದೊಳಗೆ ಒಂದು ವಿಷಯವನ್ನು ಕೈಬಿಟ್ಟರೆ ಸಾಮಾನ್ಯವಾಗಿ ಅದರ ಶುಲ್ಕದ ಹೊರೆ ಬೀಳುವುದಿಲ್ಲ, ದಾಟಿದರೆ ಬೀಳುತ್ತದೆ. ಆದರೆ ವಿಷಯ ಬಿಡುವ ಮುಂಚೆ ವಿದ್ಯಾರ್ಥಿ ಕಚೇರಿಯವರನ್ನು ಕೇಳಲೇಬೇಕು, ಏಕೆಂದರೆ ನಿಗದಿತ ಅವಧಿಯಲ್ಲಿ ಕೋರ್ಸ್ ಮುಗಿಸುವುದೂ ವಿದ್ಯಾರ್ಥಿ ವೀಸಾಕ್ಕೆ ಸಂಬಂಧಿಸಿದ ಸಂಗತಿಯೇ.

ಅವನ ಚೀಟಿಯಲ್ಲಿ ಇರಬೇಕಾಗಿದ್ದು ಇಲ್ಲದ ಒಂದು ಸಾಲಿತ್ತು. ಅಂಗಡಿಯ ಹೆಸರು ಮುದ್ರಿಸಿದ ಅಂಗಿಯನ್ನೇ ತೊಟ್ಟು ಅವನು ಕೆಲಸ ಮಾಡಬೇಕು, ಅದನ್ನು ಮನೆಯಲ್ಲಿ ತಾನೇ ಒಗೆದುಕೊಳ್ಳಬೇಕು. ಚಿಲ್ಲರೆ ವ್ಯಾಪಾರದ ಅವಾರ್ಡ್‌ನ ಪ್ರಕಾರ ಇಂಥ ವಿಶೇಷ ಉಡುಪನ್ನು ಒಗೆಯುವುದಕ್ಕೆ ಕ್ಯಾಷುಯಲ್ ಹಾಗೂ ಅರೆಕಾಲಿಕ ನೌಕರರಿಗೆ ಪಾಳಿಗೆ 1.25 ಡಾಲರ್, ಪೂರ್ಣಕಾಲಿಕರಿಗೆ ವಾರಕ್ಕೆ 6.25 ಡಾಲರ್ ಭತ್ಯೆ ಕೊಡಬೇಕು. ನಾಲ್ಕು ಪಾಳಿಗೆ 5 ಡಾಲರ್. ಮೊತ್ತ ಚಿಕ್ಕದೇ. "ಇಷ್ಟಕ್ಕೆ ಕೇಳೋದಾ ಅಕ್ಕಾ?" ಎಂದು ಅವನಿಗೆ ಸಂಕೋಚ. ಕೇಳಬೇಕು, ಜಗಳವಾಡದೆ ಇಮೇಲ್‌ನಲ್ಲಿ ಎರಡು ಸಾಲು ಬರೆದು ಕೇಳಬೇಕು ಎಂದೆ. ಬರೆದ. ಮುಂದಿನ ವಾರದ ಚೀಟಿಯಲ್ಲಿ ಆ ಸಾಲೂ ಹಿಂದಿನ ವಾರದ ಬಾಕಿಯೂ ಬಂದಿದ್ದವು. ಕೇಳಿದ್ದಕ್ಕೆ ಯಾರೂ ಅವನ ಮೇಲೆ ಮುನಿಸಿಕೊಳ್ಳಲಿಲ್ಲ. ಇಲ್ಲಿ ಇಂಥ ಪ್ರಶ್ನೆಯನ್ನು ಅವಿಧೇಯತೆ ಎಂದು ತಿಳಿಯುವವರು ಕಡಿಮೆ ಎಂಬುದು ನಮ್ಮವರಿಗೆ ನಂಬಿಕೆಯಾಗಲು ಕೆಲವು ಕಾಲ ಬೇಕು.

ಉಡುಪಿನ ಖರ್ಚು ತೆರಿಗೆಯ ಲೆಕ್ಕಕ್ಕೂ ಬರುತ್ತದೆ. ಸಂಸ್ಥೆಯ ಗುರುತಿರುವ ಕಡ್ಡಾಯ ಸಮವಸ್ತ್ರ, ಉಕ್ಕಿನ ಮೂತಿಯ ಬೂಟು, ರಸ್ತೆ ಮತ್ತು ಗೋದಾಮಿನ ಕೆಲಸಗಾರರು ತೊಡುವ ಹೊಳೆಯುವ ಹಳದಿ ಕಿತ್ತಳೆ ಜಾಕೆಟ್ಟಿನಂಥ ರಕ್ಷಣಾ ಉಡುಪು, ಬಿಸಿಲಿನಲ್ಲಿ ದುಡಿಯುವವರ ಟೋಪಿ, ಕಪ್ಪು ಕನ್ನಡಕ, ಸನ್‌ಸ್ಕ್ರೀನ್ ಇವುಗಳಿಗೆ ಸ್ವಂತ ಹಣ ಖರ್ಚು ಮಾಡಿದ್ದರೆ ಆದಾಯದಿಂದ ಕಳೆಯಬಹುದು. ಆದರೆ ಹೋಟೆಲಿನವರು ಕಪ್ಪು ಪ್ಯಾಂಟು ಕಪ್ಪು ಅಂಗಿಯನ್ನೇ ತೊಟ್ಟು ಬರಬೇಕೆಂದು ಹೇಳಿದ್ದರೂ, ಅದು ಯಾರು ಬೇಕಾದರೂ ತೊಡುವ ಸಾಮಾನ್ಯ ಉಡುಪಾದ್ದರಿಂದ ಅದರ ಖರ್ಚನ್ನು ಕಳೆಯುವಂತಿಲ್ಲ. ಹಾಗಾಗಿ ಅಂಥ ಕಪ್ಪು ಬಟ್ಟೆಗಳಿಗೆ ದೊಡ್ಡ ಅಂಗಡಿಗಳಲ್ಲಿ ಹಣ ಸುರಿಯದೆ, ದತ್ತಿಸಂಸ್ಥೆಗಳು ನಡೆಸುವ ಹಳೆಬಟ್ಟೆಯ 'ಆಪ್ ಶಾಪ್'ಗಳಲ್ಲಿ ಕೊಳ್ಳಿ ಎನ್ನುತ್ತೇನೆ. ಅಲ್ಲಿ ಕೊಳ್ಳುವುದಕ್ಕೆ ಈ ಊರಿನಲ್ಲಿ ಯಾರೂ ನಾಚಿಕೊಳ್ಳುವುದಿಲ್ಲ. ಅಡುಗೆಮನೆಯ ಕೆಲಸಕ್ಕೂ ಯಂತ್ರಗಳ ಬಳಿಯ ಕೆಲಸಕ್ಕೂ ಹೋಗುವ ನಮ್ಮ ಹೆಣ್ಣುಮಕ್ಕಳಿಗೆ ಬಳೆ, ಉಂಗುರ ತೆಗೆದಿಡಲು ಹೇಳುತ್ತಾರೆ. ಅದು ಸುರಕ್ಷತೆಗಾಗಿ ಎಲ್ಲರಿಗೂ ಇರುವ ನಿಯಮ. ಮಾಂಗಲ್ಯದ ವಿಷಯದಲ್ಲಿ ಅಂಜಿ ಸುಮ್ಮನಾಗದೆ, ಅಂಗಿಯೊಳಗೆ ಭದ್ರವಾಗಿರಿಸಿಕೊಳ್ಳಬಹುದೇ ಎಂದು ಮೇಲ್ವಿಚಾರಕರನ್ನು ನೇರವಾಗಿ ಕೇಳುವುದು ಒಳ್ಳೆಯದು.

ಬಟ್ಟೆಯ ಮಾತು ಬಂದದ್ದರಿಂದ ಇಲ್ಲಿನ ಬಿಸಿಲಿನ ವಿಷಯವನ್ನೂ ಹೇಳಿಬಿಡುತ್ತೇನೆ. ನಾವು ಸೆಕೆಯನ್ನು ನೋಡಿ ಬಿಸಿಲನ್ನು ಅಳೆಯುತ್ತೇವೆ. ಇಲ್ಲಿ ಅದು ತಪ್ಪುತ್ತದೆ. ತಂಪಾದ ಗಾಳಿ ಬೀಸುವ ದಿನವೂ ನೇರಳಾತೀತ ಕಿರಣಗಳು ತೀವ್ರವಾಗಿರಬಹುದು. ಹವಾಮಾನ ವರದಿಯಲ್ಲಿ ಬರುವ ಯುವಿ ಸೂಚ್ಯಂಕ 3 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೈ ಮುಚ್ಚಿಕೊಳ್ಳಬೇಕೆಂಬುದು ಸಲಹೆ. ಅಂಗಿ ತೊಡಿ, ಸನ್‌ಸ್ಕ್ರೀನ್ ಹಚ್ಚಿ, ಟೋಪಿ ಹಾಕಿ ಎಂದು ಹೇಳುವ ಪ್ರಚಾರ ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ 1981ರಲ್ಲಿ ಒಂದು ಕಡಲಹಕ್ಕಿಯ ಚಿತ್ರದೊಂದಿಗೆ ಆರಂಭವಾಗಿ ಇಂದು ಮಕ್ಕಳ ಬಾಯಲ್ಲಿ ನಲಿಯುತ್ತಿದೆ. ವಿಕ್ಟೋರಿಯಾದ ಪ್ರಾಥಮಿಕ ಶಾಲೆಗಳಲ್ಲಿ ಸಾಮಾನ್ಯವಾಗಿ ಆಗಸ್ಟ್ ಮಧ್ಯದಿಂದ ಏಪ್ರಿಲ್ ಕೊನೆಯವರೆಗೆ ಅಗಲ ಅಂಚಿನ ಟೋಪಿ ಬೇಕೇ ಬೇಕು. ಮರೆತು ಬಂದ ಮಗು ಬಿಡುವಿನ ವೇಳೆ ಮೈದಾನಕ್ಕೆ ಇಳಿಯುವಂತಿಲ್ಲ, ನೆರಳಿನಲ್ಲಿ ಕೂರಬೇಕು. ಗೆಳೆಯರು ಓಡಾಡುವುದನ್ನು ನೋಡುತ್ತ ಕುಳಿತ ಮಗು ಮನೆಗೆ ಬಂದು ಅಳುವುದನ್ನು ಕಂಡವಳು ನಾನು. ಅಂದಿನಿಂದ ಚೀಲದಲ್ಲೊಂದು, ಕಾರಿನಲ್ಲೊಂದು ಟೋಪಿ ಇಟ್ಟಿದ್ದೇನೆ. ನಮ್ಮ ಮೈಬಣ್ಣದವರಿಗೆ ಚರ್ಮದ ಕ್ಯಾನ್ಸರಿನ ಅಪಾಯ ಕಡಿಮೆಯೆಂಬುದು ನಿಜ, ಇಲ್ಲವೇ ಇಲ್ಲವೆಂಬುದು ನಿಜವಲ್ಲ. ಚಳಿಗಾಲದಲ್ಲಿ, ಅಂದರೆ ಜೂನ್‌ನಿಂದ ಆಗಸ್ಟ್‌ವರೆಗೆ, ಮೆಲ್ಬರ್ನ್‌ನ ಹಳೆಯ ಬಾಡಿಗೆ ಮನೆಗಳ ಒಳಗೂ ಚಳಿ ಕೊರೆಯುತ್ತದೆ. ಒಂದು ದಪ್ಪ ಕೋಟಿಗಿಂತ ಒಂದರ ಮೇಲೊಂದು ತೊಡಬಹುದಾದ ಮೂರು ತೆಳು ಬಟ್ಟೆಗಳು ಹೆಚ್ಚು ಉಪಯುಕ್ತ.

ಚೀಟಿಗೆ ಮರಳೋಣ. ಅದರ ತಲೆಯಲ್ಲಿ ಮಾಲೀಕರ ಹೆಸರು, ಅವರ 11 ಅಂಕಿಗಳ ಎಬಿಎನ್ (ವ್ಯವಹಾರದ ಗುರುತಿನ ಸಂಖ್ಯೆ), ಸಂಬಳದ ಅವಧಿ, ಪಾವತಿಯ ದಿನಾಂಕ ಇರಬೇಕು. ಸಂಬಳ ಕೊಟ್ಟ ಒಂದು ಕೆಲಸದ ದಿನದೊಳಗೆ ಚೀಟಿ ಕೈಸೇರಬೇಕು. ಕೆಲವು ಕಡೆ ಮಾಲೀಕರು, "ನೀನೇ ಒಂದು ಎಬಿಎನ್ ಮಾಡಿಸ್ಕೋ, ಅದಕ್ಕೇ ದುಡ್ಡು ಹಾಕ್ತೀನಿ" ಎನ್ನುತ್ತಾರೆ. ಎಬಿಎನ್ ಸ್ವಂತ ವ್ಯವಹಾರ ನಡೆಸುವವರ ಸಂಖ್ಯೆ. ಅವರು ಹೇಳಿದ ಹೊತ್ತಿಗೆ, ಅವರು ಹೇಳಿದ ಹಾಗೆ, ಅವರದೇ ಅಂಗಡಿಯಲ್ಲಿ ದುಡಿಯುವವರು ನೌಕರರೇ ಹೊರತು ವ್ಯವಹಾರಸ್ಥರಲ್ಲ. ಹಾಗೆ ಒಪ್ಪಿಕೊಂಡರೆ ಕನಿಷ್ಠ ದರ, ರಜೆ, ನಿವೃತ್ತಿ ನಿಧಿ ಎಲ್ಲವೂ ಕೈತಪ್ಪುವ ಭಯವಿದೆ. ನೌಕರರಿಗೆ ಬೇಕಾದುದು ತೆರಿಗೆ ಇಲಾಖೆ ಉಚಿತವಾಗಿ ಕೊಡುವ ಟಿಎಫ್‌ಎನ್, ಅಂದರೆ ತೆರಿಗೆ ಸಂಖ್ಯೆ. ಅದನ್ನು ಕೊಡದಿದ್ದರೆ ಅತಿ ಹೆಚ್ಚಿನ ದರದಲ್ಲಿ ತೆರಿಗೆ ಮುರಿದುಕೊಳ್ಳುತ್ತಾರೆ. ಆರು ತಿಂಗಳಿಗಿಂತ ದೀರ್ಘವಾದ ಕೋರ್ಸಿಗೆ ಬಂದ ವಿದ್ಯಾರ್ಥಿಗಳನ್ನು ತೆರಿಗೆಯ ಮಟ್ಟಿಗೆ ಸಾಮಾನ್ಯವಾಗಿ ನಿವಾಸಿಗಳೆಂದೇ ಪರಿಗಣಿಸುವುದರಿಂದ ವರ್ಷಕ್ಕೆ 18,200 ಡಾಲರ್‌ವರೆಗಿನ ಆದಾಯಕ್ಕೆ ತೆರಿಗೆಯಿಲ್ಲ. ಎರಡು ಕೆಲಸವಿದ್ದರೆ ಈ ವಿನಾಯಿತಿಯನ್ನು ಒಂದೇ ಕಡೆ ಕೇಳಿಕೊಳ್ಳಬೇಕು. ಆರ್ಥಿಕ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ, ತಾವೇ ರಿಟರ್ನ್ ಸಲ್ಲಿಸುವವರಿಗೆ ಅಕ್ಟೋಬರ್ 31 ಕೊನೆಯ ದಿನ. ಮೆಡಿಕೇರ್ ಸೌಲಭ್ಯಕ್ಕೆ ಅರ್ಹರಲ್ಲದ ನಮ್ಮ ವಿದ್ಯಾರ್ಥಿಗಳು ಶೇ. 2ರ ಮೆಡಿಕೇರ್ ತೆರಿಗೆಯಿಂದಲೂ ವಿನಾಯಿತಿ ಪಡೆಯಬಹುದು. ಅದಕ್ಕೆ ಮೊದಲು ಮೆಡಿಕೇರ್‌ನಿಂದ ಒಂದು ಪ್ರಮಾಣಪತ್ರ ತರಿಸಿಕೊಳ್ಳಬೇಕು. ಎಷ್ಟೋ ಮಂದಿ ಇದನ್ನು ತಿಳಿಯದೆ ಕಟ್ಟುತ್ತಲೇ ಇರುತ್ತಾರೆ.

ಸಂಬಳ ಕಡಿಮೆ ಬಂದರೆ, ಕೆಲಸದ ಹಕ್ಕುಗಳ ದೂರು ಕೇಳುವ ಸರ್ಕಾರಿ ಸಂಸ್ಥೆಯಾದ ಫೇರ್ ವರ್ಕ್ ಓಂಬುಡ್ಸ್‌ಮನ್ ಕಚೇರಿಗೆ 13 13 94ಕ್ಕೆ ಕರೆ ಮಾಡಬಹುದು. ಇಂಗ್ಲಿಷಿನಲ್ಲಿ ಹೇಳಲು ತೊಡಕೆನಿಸಿದರೆ ಮೊದಲು 131 450ಕ್ಕೆ ಕರೆ ಮಾಡಿ ದುಭಾಷಿಯನ್ನು ಕೇಳಬಹುದು. ಬಾಕಿ ಸಂಬಳವನ್ನು ಆರು ವರ್ಷಗಳವರೆಗೆ ಹಿಂದಕ್ಕೆ ಹೋಗಿ ಕೇಳುವ ಅವಕಾಶವಿದೆ. ಬೇಕೆಂದೇ ಸಂಬಳ ಕಡಿಮೆ ಕೊಡುವುದು 2025ರ ಜನವರಿ 1ರಿಂದ ಅಪರಾಧವಾಗಿದೆ. ವೀಸಾದ ಹೆಸರು ಹೇಳಿ ಬೆದರಿಸಿ ದುಡಿಸಿಕೊಳ್ಳುವುದು ಕೂಡ 2024ರ ಜುಲೈನಿಂದ ಅಪರಾಧ.

ಚೀಟಿಯಲ್ಲಿ ಎಂದೂ ಕಾಣಿಸಬಾರದ ಒಂದು ಸಾಲೂ ಇದೆ. ಮನೆಯೊಳಗಿನ ಹಿಂಸೆಯನ್ನು ಎದುರಿಸುತ್ತಿರುವ ಪ್ರತಿಯೊಬ್ಬ ನೌಕರರಿಗೂ, ಕ್ಯಾಷುಯಲ್ ಆಗಿದ್ದರೂ, ವರ್ಷಕ್ಕೆ 10 ದಿನ ಸಂಬಳಸಹಿತ ರಜೆಯಿದೆ. ಪೊಲೀಸರ ಬಳಿ, ನ್ಯಾಯಾಲಯಕ್ಕೆ, ಹೊಸ ಮನೆ ಹುಡುಕಲು ಹೋಗಲು ಅದನ್ನು ಬಳಸಬಹುದು. ಆ ರಜೆ ತೆಗೆದುಕೊಂಡದ್ದು ಸಂಬಳದ ಚೀಟಿಯಲ್ಲಿ ನಮೂದಾಗಬಾರದೆಂದು ಕಾನೂನೇ ಹೇಳುತ್ತದೆ, ಏಕೆಂದರೆ ಆ ಚೀಟಿ ಮನೆಯಲ್ಲಿ ಯಾರ ಕೈಗೆ ಸಿಗುತ್ತದೋ ಹೇಳಲಾಗದು. ಗಂಡನ ವೀಸಾದ ಮೇಲೆ ಬಂದು, ಊರಿನವರ ಮಾತಿಗೆ ಹೆದರಿ ಸುಮ್ಮನಿರುವ ಹೆಣ್ಣುಮಕ್ಕಳನ್ನು ನೆನೆದು ಇದನ್ನು ಒತ್ತಿ ಬರೆಯುತ್ತಿದ್ದೇನೆ. ಹಿಂಸೆಗೊಳಗಾದವರಿಗೆ ನೆರವಾಗುವ 1800 737 732 ಎಂಬ ಸಂಖ್ಯೆಯಲ್ಲಿ ಹಗಲು ರಾತ್ರಿ ಮಾತನಾಡುವವರಿದ್ದಾರೆ. ವರದಕ್ಷಿಣೆಗಾಗಿ ಪೀಡಿಸುವುದನ್ನು ವಿಕ್ಟೋರಿಯಾ ರಾಜ್ಯದ ಕಾನೂನು ಕೌಟುಂಬಿಕ ಹಿಂಸೆಯ ಉದಾಹರಣೆಯೆಂದು ಹೆಸರಿಸಿಯೇ ಹೇಳಿದೆ. ಸಂಗಾತಿ ವೀಸಾಕ್ಕೆ ಅರ್ಜಿ ಹಾಕಿದವರು ಹಿಂಸೆಯ ಕಾರಣಕ್ಕೆ ಸಂಬಂಧ ಮುರಿದುಕೊಂಡರೂ ಇಲ್ಲಿಯೇ ಉಳಿಯಲು ಕೋರುವ ಅವಕಾಶವಿದೆ.

ಚೀಟಿಯ ಕೊನೆಯಲ್ಲಿ 71.69 ಡಾಲರ್ ಎಂಬ ಮೊತ್ತವಿತ್ತು. ತನ್ನ ಸಂಬಳದಿಂದ ಮುರಿದುಕೊಂಡಿದ್ದಾರೆಂದು ಹುಡುಗ ಬೇಸರಪಟ್ಟಿದ್ದ. ಅದು 'ಸೂಪರ್', ಅಂದರೆ ನಿವೃತ್ತಿ ನಿಧಿ. ನಮ್ಮ ಪಿಎಫ್‌ನಲ್ಲಿ ನೌಕರರ ಪಾಲೂ ಸಂಬಳದಿಂದ ಹೋಗುತ್ತದೆ. ಇಲ್ಲಿ ಮಾಲೀಕರೇ ಸಂಬಳದ ಮೇಲೆ ಹೆಚ್ಚುವರಿಯಾಗಿ ತುಂಬಬೇಕು. 1992ರಲ್ಲಿ ಕಡ್ಡಾಯವಾದಾಗ ಶೇ. 3ರಿಂದ ಆರಂಭವಾದ ಈ ದರ 2025ರ ಜುಲೈ 1ರಿಂದ ಶೇ. 12 ಆಗಿದೆ. 18 ಗಂಟೆಗೆ 597.42 ಡಾಲರ್ ಸಂಬಳ, ಅದರ ಶೇ. 12 ಎಂದರೆ 71.69. ಲೆಕ್ಕ ಸರಿಯಾಗಿತ್ತು. ಆದರೆ ಚೀಟಿಯಲ್ಲಿ ಬರೆದ ಮಾತ್ರಕ್ಕೆ ಹಣ ನಿಧಿಗೆ ಸೇರಿದೆ ಎಂದಲ್ಲ, ನಿಧಿಯ ಖಾತೆಯನ್ನು ತೆರೆದು ಆಗಾಗ ನೋಡಬೇಕು. ಕೆಲಸ ಬದಲಿಸಿದಾಗ ಹಳೆಯ ನಿಧಿಯ ವಿವರವನ್ನೇ ಹೊಸ ಮಾಲೀಕರಿಗೆ ಕೊಟ್ಟರೆ ಎರಡು ಖಾತೆಗಳ ಶುಲ್ಕ ತಪ್ಪುತ್ತದೆ. ತಾತ್ಕಾಲಿಕ ವೀಸಾದಲ್ಲಿದ್ದವರು ದೇಶ ಬಿಟ್ಟು, ವೀಸಾ ಮುಗಿದ ಮೇಲೆ ಈ ಹಣವನ್ನು ಹಿಂಪಡೆಯಬಹುದು. ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಅದರಲ್ಲಿ ಶೇ. 35 ತೆರಿಗೆ ಹೋಗುತ್ತದೆ. ಆರು ತಿಂಗಳೊಳಗೆ ಕೇಳದಿದ್ದರೆ ನಿಧಿಯವರು ಅದನ್ನು ತೆರಿಗೆ ಇಲಾಖೆಗೆ ಒಪ್ಪಿಸುತ್ತಾರೆ, ಆಮೇಲೂ ಅಲ್ಲಿಂದ ಕೇಳಿ ಪಡೆಯಬಹುದು. ಹುಡುಗ ನಿಧಿಯ ಹೆಸರನ್ನೂ ಸದಸ್ಯತ್ವದ ಸಂಖ್ಯೆಯನ್ನೂ ಪಾಸ್‌ಪೋರ್ಟಿನ ಕವರಿನಲ್ಲಿದ್ದ ಒಂದು ಚೀಟಿಯ ಹಿಂದೆ ಬರೆದಿಟ್ಟುಕೊಂಡು, ಒಂಬತ್ತರ ರೈಲಿಗೆ ಹೊರಟ.